ಕೊನೆಯ ನಲ್ಲಿಯಲ್ಲಿ ಟಿಎಚ್‌ಎಂ ಅಳೆದದ್ದು: ನನ್ನ ಅನುಭವ

ನಾನು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ತುಂಗಾ ನದಿಯ ನೀರು ಕುಡಿಯುವ ಊರು. ನದಿಯಿಂದ ಜಾಕ್‌ವೆಲ್ (ನದಿ ನೀರನ್ನು ಪಂಪ್ ಮಾಡಿ ಎತ್ತುವ ಬಾವಿ), ಅಲ್ಲಿಂದ ನೀರು ಶುದ್ಧ ಮಾಡುವ ಫಿಲ್ಟರ್ ಹೌಸ್, ಆಮೇಲೆ ಓವರ್‌ಹೆಡ್ ಟ್ಯಾಂಕ್, ಕೊನೆಗೆ ಮನೆಯ ನಲ್ಲಿ. ಈ ದಾರಿಯುದ್ದಕ್ಕೂ ಕ್ಲೋರಿನ್ ಎಷ್ಟು ಉಳಿದಿದೆ ಅಂತ ದಿನವೂ ನೋಡುತ್ತಾರೆ. ಆ ಕ್ಲೋರಿನ್ ನೀರಿನೊಳಗೆ ಇನ್ನೇನು ಹುಟ್ಟಿಸಿದೆ ಅಂತ ನೋಡುವವರು ಕಡಿಮೆ. ನಾವು ಅದನ್ನು ನೋಡಲು ಶುರು ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನದಿ ನೀರಿನಲ್ಲಿ ಕೊಳೆತ ಎಲೆ, ಮಣ್ಣು, ಪಾಚಿಯಿಂದ ಬಂದ ಸಾವಯವ ಅಂಶ ಕರಗಿರುತ್ತದೆ. ಕ್ಲೋರಿನ್ ಇದರ ಜೊತೆ ಸೇರಿದಾಗ ಟ್ರೈಹಾಲೋಮೀಥೇನ್‌ಗಳು ಹುಟ್ಟುತ್ತವೆ. ಲ್ಯಾಬಿನಲ್ಲಿ ನಾವು ಟಿಎಚ್‌ಎಂ ಅನ್ನುತ್ತೇವೆ. ಅದರಲ್ಲಿ ನಾಲ್ಕು ಮುಖ್ಯ: ಕ್ಲೋರೋಫಾರ್ಮ್, ಬ್ರೋಮೋಡೈಕ್ಲೋರೋಮೀಥೇನ್, ಡೈಬ್ರೋಮೋಕ್ಲೋರೋಮೀಥೇನ್, ಬ್ರೋಮೋಫಾರ್ಮ್. ಇದು 1974ರಲ್ಲಿ ಬೆಳಕಿಗೆ ಬಂತು. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ನಗರದ ನೀರು ಸರಬರಾಜಿನಲ್ಲಿದ್ದ ಜೊಹಾನೆಸ್ ರೂಕ್ ಇದನ್ನು ತೋರಿಸಿದರು. ಅದೇ ವರ್ಷ ಅಮೆರಿಕದ ಸಂಶೋಧಕರೂ ಇದನ್ನೇ ಕಂಡರು. ಹತ್ತಾರು ವರ್ಷ ಇಂಥ ನೀರು ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಎಂದು ಹಲವು ಅಧ್ಯಯನಗಳು ಹೇಳುತ್ತವೆ.

ಹಾಗಂತ ಕ್ಲೋರಿನ್ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಟೈಫಾಯ್ಡ್, ಕಾಲರಾ ಬರಲು ಹತ್ತಾರು ವರ್ಷ ಬೇಕಿಲ್ಲ, ಕೆಲವು ದಿನ ಸಾಕು. ಕ್ಲೋರಿನ್ ಇರಲೇಬೇಕು. ಅದಕ್ಕೆ ಸಿಗುವ ಸಾವಯವ ಅಂಶ ಕಡಿಮೆಯಾಗಬೇಕು. ನನ್ನ ಕೆಲಸವೆಲ್ಲ ಇದರ ಸುತ್ತಲೇ ನಡೆದಿದೆ.

ಮೊದಲ ಪ್ರಶ್ನೆ, ಸ್ಯಾಂಪಲ್ ಎಲ್ಲಿಂದ ತೆಗೆಯಬೇಕು? ಫಿಲ್ಟರ್ ಹೌಸಿನ ನಲ್ಲಿ ಹತ್ತಿರ, ಅಲ್ಲಿ ತೆಗೆಯುವುದು ಸುಲಭ. ಆದರೆ ಟಿಎಚ್‌ಎಂ ಒಂದೇ ಸಲಕ್ಕೆ ಹುಟ್ಟಿ ಮುಗಿಯುವುದಿಲ್ಲ. ಕ್ಲೋರಿನ್ ಇರುವಷ್ಟು ಹೊತ್ತೂ ಪೈಪಿನಲ್ಲಿ, ಟ್ಯಾಂಕಿನಲ್ಲಿ ಹುಟ್ಟುತ್ತಲೇ ಇರುತ್ತದೆ. ಸೆಕೆ ಇದ್ದರೆ ಬೇಗ, ಪಿಎಚ್ ಹೆಚ್ಚಿದ್ದರೆ ಇನ್ನೂ ಬೇಗ. ಹಾಗಾಗಿ ನಾವು ಫಿಲ್ಟರ್ ಹೌಸ್, ಓವರ್‌ಹೆಡ್ ಟ್ಯಾಂಕಿನ ಹೊರದಾರಿ, ಲೈನಿನ ನಡುವಿನ ಒಂದು ಮನೆ, ಲೈನ್ ಮುಗಿಯುವ ಕಡೆಯ ಮನೆ ಹೀಗೆ ಜಾಗ ಗೊತ್ತು ಮಾಡಿಕೊಂಡೆವು. ಕೊನೆಯ ಮನೆ ಯಾವುದು ಅಂತ ನಕ್ಷೆ ನೋಡಿ ಗೊತ್ತಾಗಲಿಲ್ಲ. ನೀರು ಬಿಡುವ ವಾಲ್ವ್‌ಮನ್ ಹೇಳಿದರು. ಯಾವ ಬೀದಿಗೆ ನೀರು ತಡವಾಗಿ ಹೋಗುತ್ತದೆ, ಯಾವ ಪೈಪಿಗೆ ಮುಂದೆ ದಾರಿಯಿಲ್ಲ, ಎಲ್ಲವೂ ಅವರ ಬಾಯಲ್ಲೇ ಇತ್ತು. ನೀವು ಈ ಕೆಲಸಕ್ಕೆ ಇಳಿದರೆ ಮೊದಲು ಅವರನ್ನು ಮಾತಾಡಿಸಿ.

ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ. ಮನೆಯ ಸಂಪಿನಿಂದಲೋ ಸೋಲಾರ್ ನಲ್ಲಿಯಿಂದಲೋ ಹಿಡಿದರೆ ಆ ಮನೆಯ ಲೆಕ್ಕ ಸಿಗುತ್ತದೆ, ಊರಿನದ್ದಲ್ಲ. ಅದಕ್ಕೇ ನೀರು ಬಿಟ್ಟ ಹೊತ್ತಿನಲ್ಲೇ ಹೋಗಿ, ಬೀದಿ ಪೈಪಿಗೆ ನೇರ ಸೇರಿದ ನಲ್ಲಿಯಲ್ಲಿ ಹಿಡಿಯುತ್ತೇವೆ. ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆ, ಸಿಕ್ಕಿಸಿದ ಪ್ಲಾಸ್ಟಿಕ್ ಪೈಪು, ಜಾಲರಿ ಎಲ್ಲ ತೆಗೆಸುತ್ತೇವೆ. ಬರುವ ನೀರಿನ ತಂಪು ಒಂದೇ ಹದಕ್ಕೆ ಬರುವವರೆಗೆ ಹರಿಯಬಿಟ್ಟು, ಆಮೇಲೆ ಧಾರೆ ಸಣ್ಣದು ಮಾಡುತ್ತೇವೆ.

ಬಾಟಲಿ ತುಂಬುವುದರಲ್ಲೇ ಅರ್ಧ ಕೆಲಸ ಇದೆ. 40 ಮಿಲಿಲೀಟರಿನ ಕಂದು ಗಾಜಿನ ಸೀಸೆ, ಮುಚ್ಚಳದೊಳಗೆ ಟೆಫ್ಲಾನ್ ಪದರದ ರಬ್ಬರ್. ಕ್ಲೋರೋಫಾರ್ಮ್ ಬೇಗ ಆವಿಯಾಗುವ ವಸ್ತು. ಸೀಸೆಯಲ್ಲಿ ಗಾಳಿಯ ಜಾಗ ಬಿಟ್ಟರೆ ಅದು ನೀರಿನಿಂದ ಆ ಗಾಳಿಗೆ ಹೋಗಿಬಿಡುತ್ತದೆ. ಸೀಸೆಯನ್ನು ಓರೆ ಹಿಡಿದು, ಗೋಡೆಗೆ ತಾಗಿ ನೀರು ಇಳಿಯುವಂತೆ ತುಂಬಬೇಕು. ಬಾಯಿಯ ಮೇಲೆ ನೀರು ಸ್ವಲ್ಪ ಉಬ್ಬಿ ನಿಂತಾಗ ಮುಚ್ಚಬೇಕು. ಆಮೇಲೆ ತಲೆಕೆಳಗೆ ಮಾಡಿ ಬೆರಳಿನಿಂದ ತಟ್ಟಿ ನೋಡಬೇಕು. ಗುಳ್ಳೆ ಓಡಾಡಿದರೆ ಆ ಸೀಸೆ ಬಿಟ್ಟು ಹೊಸ ಸೀಸೆ ತುಂಬಬೇಕು.

ಸೀಸೆಯೊಳಗೆ ಮೊದಲೇ ಕೆಲವೇ ಮಿಲಿಗ್ರಾಂ ಸೋಡಿಯಂ ಥಯೋಸಲ್ಫೇಟ್ ಇಟ್ಟಿರುತ್ತೇವೆ. ಅದು ಉಳಿದ ಕ್ಲೋರಿನ್ನನ್ನು ಅಲ್ಲೇ ಮುಗಿಸುತ್ತದೆ. ಇಲ್ಲದಿದ್ದರೆ ಲ್ಯಾಬಿಗೆ ಬರುವ ದಾರಿಯಲ್ಲೂ ಟಿಎಚ್‌ಎಂ ಹುಟ್ಟುತ್ತಾ ಹೋಗುತ್ತದೆ. ನಾವು ಬೇಕಂತಲೇ ಒಂದು ಸೀಸೆಯನ್ನು ಥಯೋಸಲ್ಫೇಟ್ ಹಾಕದೆ ಇಡುತ್ತೇವೆ. ಈ ನೀರು ಟ್ಯಾಂಕಿನಲ್ಲಿ ಇನ್ನೂ ಕೆಲ ದಿನ ನಿಂತರೆ ಎಷ್ಟಕ್ಕೆ ಏರಬಹುದು ಅಂತ ಅದರಿಂದ ಅಂದಾಜು ಸಿಗುತ್ತದೆ. ಮಿಕ್ಕಿದ್ದೆಲ್ಲ ಐಸ್ ಪೆಟ್ಟಿಗೆಗೆ, ಆಮೇಲೆ 4 ಡಿಗ್ರಿಗೆ. 14 ದಿನದೊಳಗೆ ಪರೀಕ್ಷೆ ಮುಗಿಯಬೇಕು. ಲ್ಯಾಬಿನಲ್ಲೇ ಶುದ್ಧ ನೀರು ತುಂಬಿದ ಒಂದು ಸೀಸೆಯೂ ನಮ್ಮ ಜೊತೆ ಊರೆಲ್ಲ ಸುತ್ತಿ ಬರುತ್ತದೆ. ಅದರಲ್ಲೂ ಕ್ಲೋರೋಫಾರ್ಮ್ ಕಂಡರೆ ಅದು ನಲ್ಲಿಯಿಂದ ಬಂದದ್ದಲ್ಲ ಅಂತ ಗೊತ್ತಾಗುತ್ತದೆ.

ಇಲ್ಲೊಂದು ವಿಷಯ ಒತ್ತಿ ಹೇಳಬೇಕು. ಡಿಟರ್ಜೆಂಟ್ ಅಂಶ ನೋಡುವ ಪರೀಕ್ಷೆಗೆ ಕ್ಲೋರೋಫಾರ್ಮ್ ಬೇಕು. ಫೀನಾಲ್ ಪರೀಕ್ಷೆಯ ಒಂದು ವಿಧಾನಕ್ಕೂ ಬೇಕು. ಅಂದರೆ ನೀರಿನ ಲ್ಯಾಬಿನ ಗಾಳಿಯಲ್ಲೇ ಅದು ಇರುತ್ತದೆ. ನಾವು ಟಿಎಚ್‌ಎಂ ಸೀಸೆಗಳಿಗೆ ಬೇರೆ ಕೋಣೆ, ಬೇರೆ ಫ್ರಿಜ್ ಇಟ್ಟೆವು. ಅಳೆಯುವುದು ಗ್ಯಾಸ್ ಕ್ರೊಮಟೊಗ್ರಾಫ್‌ನಲ್ಲಿ, ಅಂದರೆ ಆವಿಯಾದ ವಸ್ತುಗಳನ್ನು ಬೇರೆಬೇರೆ ಮಾಡುವ ಯಂತ್ರದಲ್ಲಿ. ಅದರಲ್ಲಿರುವ ಇಸಿಡಿ ಎಂಬ ಪತ್ತೆ ಸಾಧನ ಕ್ಲೋರಿನ್, ಬ್ರೋಮಿನ್ ಇರುವ ವಸ್ತುಗಳನ್ನು ಚೆನ್ನಾಗಿ ಹಿಡಿಯುತ್ತದೆ. ಯಂತ್ರದ ಕೆಲಸ ಹೆಚ್ಚು ಹೇಳುವಂಥದ್ದಲ್ಲ, ಅದು ಕೈಪಿಡಿಯಲ್ಲೇ ಇದೆ.

ನಲ್ಲಿಯ ಹತ್ತಿರವೇ ಡಿಪಿಡಿ (ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುವ ಪುಡಿ) ಹಾಕಿ ಉಳಿದ ಕ್ಲೋರಿನ್ ನೋಡಿ ಬರೆದುಕೊಳ್ಳುತ್ತೇವೆ. ನೀರಿನ ಬಿಸಿ ಎಷ್ಟು, ಪಿಎಚ್ ಎಷ್ಟು ಅಂತಲೂ ಬರೆಯುತ್ತೇವೆ. ಈ ಅಂಕಿಗಳಿಲ್ಲದೆ ಟಿಎಚ್‌ಎಂ ಅಂಕಿಗೆ ಅರ್ಥ ಸಿಗುವುದಿಲ್ಲ. ಕ್ಲೋರಿನ್, ಟಿಎಚ್‌ಎಂ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಚಿತ್ರ ಚೆನ್ನಾಗಿ ಕಂಡಿತು. ಫಿಲ್ಟರ್ ಹೌಸಿನಲ್ಲಿ ಕ್ಲೋರಿನ್ ಜಾಸ್ತಿ, ಟಿಎಚ್‌ಎಂ ಕಡಿಮೆ. ಕೊನೆಯ ಮನೆಯಲ್ಲಿ ತಿರುಗಮುರುಗ. ಕ್ಲೋರಿನ್ ವಾಸನೆ ಬಾರದ ನೀರು ಒಳ್ಳೆಯದು ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಅಲ್ಲಿ ಎರಡು ಕಡೆಯಿಂದಲೂ ತೊಂದರೆ ಇರಬಹುದು: ರೋಗಾಣು ತಡೆಯುವ ಕ್ಲೋರಿನ್ ಕಡಿಮೆ, ಟಿಎಚ್‌ಎಂ ಜಾಸ್ತಿ.

ಫಲಿತಾಂಶವನ್ನು ಯಾವುದಕ್ಕೆ ಹೋಲಿಸಬೇಕು? ಕುಡಿಯುವ ನೀರಿಗೆ ನಮ್ಮ ದೇಶದ ಐಎಸ್ 10500 ಮಾನದಂಡ 2012ರದ್ದು. ಅದರಲ್ಲಿ ಲೀಟರಿಗೆ ಕ್ಲೋರೋಫಾರ್ಮ್ 0.2 ಮಿಲಿಗ್ರಾಂ, ಬ್ರೋಮೋಡೈಕ್ಲೋರೋಮೀಥೇನ್ 0.06, ಉಳಿದೆರಡು 0.1 ಮಿತಿ. ವಿಶ್ವ ಆರೋಗ್ಯ ಸಂಸ್ಥೆ ಕ್ಲೋರೋಫಾರ್ಮಿಗೆ 0.3 ಇಟ್ಟಿದೆ, ಉಳಿದ ಮೂರಕ್ಕೆ ಇವೇ ಅಂಕಿ. ಆದರೆ ಅದು ಇನ್ನೊಂದು ಮಾತು ಸೇರಿಸುತ್ತದೆ. ಪ್ರತಿಯೊಂದನ್ನೂ ಅದರ ಮಿತಿಯಿಂದ ಭಾಗಿಸಿ ಕೂಡಿದಾಗ 1 ದಾಟಬಾರದು. ಲೆಕ್ಕಕ್ಕೆ ಅಂತ ಕ್ಲೋರೋಫಾರ್ಮ್ 0.09, ಬ್ರೋಮೋಡೈಕ್ಲೋರೋಮೀಥೇನ್ 0.03 ಇದೆ ಅಂದುಕೊಳ್ಳಿ. 0.3 ಮತ್ತು 0.5 ಕೂಡಿದರೆ 0.8, ಪಾಸ್. ಅಮೆರಿಕದಲ್ಲಿ ನಾಲ್ಕೂ ಸೇರಿ ವರ್ಷದ ಸರಾಸರಿ 0.08 ದಾಟುವಂತಿಲ್ಲ. ಈ ನೀರಿನ ಮೊತ್ತ 0.12. ವರ್ಷವಿಡೀ ಹೀಗೇ ಇದ್ದರೆ ಅಲ್ಲಿ ಫೇಲ್. ಅದಕ್ಕೆ ನಾನು ವರದಿಯಲ್ಲಿ ನಾಲ್ಕನ್ನೂ ಬೇರೆಬೇರೆ ಬರೆದು, ಮೊತ್ತವನ್ನೂ ಭಾಗಲೆಕ್ಕವನ್ನೂ ಕೆಳಗೆ ಕೊಡುತ್ತೇನೆ. ಸುಮ್ನೆ 'ಮಿತಿಯೊಳಗಿದೆ' ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ನಮ್ಮಲ್ಲಿ ಅಂಕಿ ಏರಿದ್ದು ಮುಂಗಾರಿನ ಮೊದಲ ಕೆಂಪು ನೀರು ಬಂದಾಗ. ಕಾಡಿನ ತರಗೆಲೆಯೆಲ್ಲ ನೆನೆದು ಹೊಳೆಗೆ ಇಳಿಯುವ ಕಾಲ ಅದು. ಆಗ ನದಿಯಿಂದ ಬಂದ, ಇನ್ನೂ ಶುದ್ಧ ಮಾಡದ ಹಸಿ ನೀರಿಗೇ ಹೆಚ್ಚು ಕ್ಲೋರಿನ್ ಹಾಕುವುದು ರೂಢಿ. ಸಾವಯವ ಅಂಶ ತುಂಬಿದ ನೀರಿಗೆ ಮೊದಲೇ ಕ್ಲೋರಿನ್ ಸಿಕ್ಕರೆ ಟಿಎಚ್‌ಎಂ ಆಗದೆ ಇನ್ನೇನು? ಫಿಲ್ಟರ್ ಹೌಸಿನವರ ಜೊತೆ ಕೂತು ಮಾತಾಡಿದೆವು. ಜಾರ್ ಟೆಸ್ಟ್ (ಬೇರೆಬೇರೆ ಪ್ರಮಾಣದ ಆಲಂ ಹಾಕಿ ಜಾಡಿಗಳಲ್ಲಿ ನೋಡುವ ಪರೀಕ್ಷೆ) ಮಾಡಿ, ಕೊಳೆಯನ್ನು ಗಟ್ಟಿಸಿ ತಳಕ್ಕಿಳಿಸುವ ಆಲಂ (ಪಟಿಕ) ಪ್ರಮಾಣ ಸರಿ ಮಾಡಿದರು. ಬರೀ ಕದಡು ಇಳಿದರೆ ಸಾಲದು, ಬಣ್ಣವೂ ಇಳಿಯಬೇಕು ಅಂತ ನೋಡಿದರು. ಮೊದಲಿನ ಕ್ಲೋರಿನ್ ಕಡಿಮೆ ಮಾಡಿ, ಕೆಸರು ತಳಕ್ಕೆ ಕೂತ ಮೇಲೆ ಬಹುಪಾಲು ಹಾಕಿದರು. ಲೈನಿನ ಕೊನೆಯಲ್ಲಿ ನಿಂತ ನೀರನ್ನು ಆಗಾಗ ಹೊರಗೆ ಬಿಡುವ ಏರ್ಪಾಡೂ ಆಯಿತು. ಕೊನೆಯ ನಲ್ಲಿಯಲ್ಲಿ ಟಿಎಚ್‌ಎಂ ಇಳಿಯಿತು. ಉಳಿದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕೆಳಗೆ ಹೋಗಲಿಲ್ಲ. ಇದು ನನಗೆ ತುಂಬ ಸಮಾಧಾನ ಕೊಟ್ಟ ಫಲಿತಾಂಶ.

ಮನೆಯವರು ಕೇಳುವುದು ಒಂದೇ: ನಾವೇನು ಮಾಡಬೇಕು? ತೆರೆದ ಪಾತ್ರೆಯಲ್ಲಿ ಕುದಿಸಿದರೆ ಟಿಎಚ್‌ಎಂ ಬಹುಮಟ್ಟಿಗೆ ಆವಿಯಾಗಿ ಹೋಗುತ್ತದೆ. ಅಡುಗೆಮನೆಯ ಕಿಟಕಿ ತೆಗೆದಿಡಿ. ಕಾರ್ಬನ್ ಫಿಲ್ಟರ್ ಇದ್ದರೆ ಹೊತ್ತಿಗೆ ಸರಿಯಾಗಿ ಬದಲಿಸಿ.

ಕುದಿಸಿದರೂ ಹೋಗದವು ಇನ್ನೂ ಇವೆ. ಕ್ಲೋರಿನ್ ಮತ್ತು ಸಾವಯವ ಅಂಶ ಸೇರಿದಾಗಲೇ ಹುಟ್ಟುವ ಹಾಲೋಅಸಿಟಿಕ್ ಆಸಿಡ್‌ಗಳಲ್ಲಿ ಹಲವು ಆವಿಯಾಗುವುದಿಲ್ಲ. ಅಮೆರಿಕದಲ್ಲಿ ಅಂಥ ಐದಕ್ಕೆ ಸೇರಿ ಲೀಟರಿಗೆ 0.06 ಮಿಲಿಗ್ರಾಂ ಮಿತಿಯಿದೆ. ನಮ್ಮ ಮಾನದಂಡದಲ್ಲಿ ಇನ್ನೂ ಬಂದಿಲ್ಲ, ಬರಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಅದರ ಸ್ಯಾಂಪಲ್ ಸೀಸೆಗೆ ಥಯೋಸಲ್ಫೇಟ್ ಬದಲು ಅಮೋನಿಯಂ ಕ್ಲೋರೈಡ್ ಹಾಕಬೇಕು. ಆ ಸೀಸೆಗಳನ್ನು ಈಗ ನಮ್ಮ ಐಸ್ ಪೆಟ್ಟಿಗೆಗೆ ಸೇರಿಸಿದ್ದೇವೆ.