ಇಟಾಲಿಯನ್ ವ್ಯಾಕರಣ: ಲೋಪಸಂಧಿಯಿಂದ ಶುರು ಮಾಡಿದ ನನ್ನ ಅನುಭವ

ಊರು + ಊರು 'ಊರೂರು' ಆಗುವುದು ಗೊತ್ತಿದ್ದವರಿಗೆ ಲೊ + ಅಮೀಕೊ (ಗೆಳೆಯ) 'ಲ್'ಅಮೀಕೊ' ಆಗುವುದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಲೋಪಸಂಧಿ; ಬಿದ್ದುಹೋದ ಸ್ವರದ ಜಾಗದಲ್ಲಿ ಅಪಾಸ್ಟ್ರಫಿ ಕೂರುತ್ತದೆ. ಹಾಗಾಗಿ ನಾಮಪದದ ಮುಂದೆ ಬರುವ, ಇಂಗ್ಲಿಷಿನ the, a ತರಹದ ಈ 'ಲೊ'ನಂಥ ಆರ್ಟಿಕಲ್‌ಗಳನ್ನು ನಾನು ಸಂಧಿಯಂತೆಯೇ ಕಲಿತೆ.

ಪುಲ್ಲಿಂಗದ ಮಾಮೂಲಿ ಆರ್ಟಿಕಲ್ 'ಇಲ್'. ಕನ್ನಡದಲ್ಲಿ ಬರೆದಾಗ ಸಕಾರಕ್ಕೆ ಒತ್ತಕ್ಷರ ಅಂಟಿದರೆ 'ಲೊ': ಲೊ ಸ್ತುದೆಂತೆ (ವಿದ್ಯಾರ್ಥಿ), ಲೊ ಸ್ಪೆಕ್ಕಿಯೊ (ಕನ್ನಡಿ). ಈ ಉಪಾಯ ಒಂದು ಕಡೆ ಕೈಕೊಡುತ್ತದೆ: ಸ್ವೋನೊ (ಸದ್ದು) ನಮಗೆ ಒತ್ತಕ್ಷರ, ಅವರ ಕಾಗುಣಿತದಲ್ಲಿ ಅಲ್ಲಿರುವುದು ಉಕಾರ. ಆದ್ದರಿಂದ ಇಲ್ ಸ್ವೋನೊ.

ನಾಮಪದಕ್ಕೆ ಆರ್ಟಿಕಲ್ ಅಂಟಿಸಿಯೇ ಬಾಯಿಪಾಠ ಮಾಡಿದರೆ ಲಿಂಗವೇನೋ ನೆನಪಿರುತ್ತದೆ, ಆದರೆ ನಡುವೆ ಗುಣವಾಚಕ ಬಂದ ಕೂಡಲೇ ಎಡವುತ್ತೇವೆ. ಆರ್ಟಿಕಲ್‌ಗೆ ಕಾಣುವುದು ಪಕ್ಕದ ಪದ ಮಾತ್ರ: ಲೊ ಸ್ತುದೆಂತೆ, ಇಲ್ ಜೋವನೆ ಸ್ತುದೆಂತೆ (ಎಳೆಯ), ಲ್'ಆಲ್ತ್ರೊ ಸ್ತುದೆಂತೆ (ಇನ್ನೊಬ್ಬ). ಈ ಮೂರನ್ನು ದಿನಾ ಜೋರಾಗಿ ಹೇಳಿಕೊಂಡೆ, ಪಟ್ಟಿ ಬೇಕಾಗಲಿಲ್ಲ.

'ಒಬ್ಬ ಗೆಳೆಯ' ಉನ್ ಅಮೀಕೊ, ಅಪಾಸ್ಟ್ರಫಿ ಇಲ್ಲ. 'ಒಬ್ಬಳು ಗೆಳತಿ' ಉನ್'ಅಮೀಕ, ಇದಕ್ಕೆ ಬೇಕು. ಕಿವಿಗೆ ವ್ಯತ್ಯಾಸವೇ ಇಲ್ಲ! ಪರೀಕ್ಷೆ ಸುಲಭ: ಉನ್ ಲೀಬ್ರೊ (ಪುಸ್ತಕ) ಎಂದು ವ್ಯಂಜನದ ಮುಂದೆಯೂ ಬರುವುದರಿಂದ 'ಉನ್' ತಾನೇ ಪೂರ್ತಿ ರೂಪ, ಉನ್'ಅಮೀಕದಲ್ಲಿ 'ಉನ'ದ ಅಕಾರ ಲೋಪವಾಗಿದೆ. 'ಕ್ವಾಲ್ ಎ' (ಯಾವುದು) ಎಂಬಲ್ಲೂ ಇದೇ ಕಾರಣಕ್ಕೆ ಅಪಾಸ್ಟ್ರಫಿ ಹಾಕಬಾರದು. ಇದನ್ನು ಇಟಲಿಯವರೇ ತಪ್ಪು ಬರೆಯುತ್ತಾರೆ.

ಗುಣವಾಚಕ ನಮಗೆ ಅಭ್ಯಾಸವಿಲ್ಲದ ಕೆಲಸ. 'ದೊಡ್ಡ' ಮನೆಗೂ ಮನೆಗಳಿಗೂ ಒಂದೇ. ಅಲ್ಲಿ ಲಿಂಗ, ವಚನ ಎರಡಕ್ಕೂ ಹೊಂದಬೇಕು. 'ಬೆಲ್ಲೊ' (ಚಂದದ) ನಾಮಪದದ ಮುಂದೆ ನಿಂತರೆ ಆರ್ಟಿಕಲ್‌ನಂತೆಯೇ ವೇಷ ಹಾಕುತ್ತದೆ: ಬೆಲ್ ಲೀಬ್ರೊ, ಬೆಲ್ಲೊ ಸ್ಪೆಕ್ಕಿಯೊ, ಬೆಲ್ಲ್'ಆಲ್ಬೆರೊ (ಮರ).

ಹೆಚ್ಚು ಕಾಡಿದ್ದು ಕೊಂಜುಂತೀವೊ, ಅಂದರೆ ಅನಿಸಿಕೆ, ಅನುಮಾನ ಹೇಳುವಾಗ ಕ್ರಿಯಾಪದ ತಾಳುವ ಬೇರೆ ರೂಪ. 'ಅವನು ಮನೇಲಿದ್ದಾನೆ ಅಂತ ಗೊತ್ತು', 'ಅವನು ಮನೇಲಿದ್ದಾನೆ ಅಂತ ಅನ್ಸುತ್ತೆ': ನಮ್ಮ 'ಇದ್ದಾನೆ' ಅಲುಗುವುದಿಲ್ಲ. ಅವರಲ್ಲಿ 'ಸೊ ಕೆ' (ಗೊತ್ತು) ನಂತರ 'ಎ', 'ಕ್ರೇದೊ ಕೆ' (ಅನ್ಸುತ್ತೆ) ನಂತರ 'ಸೀಯ'. ನಮ್ಮ 'ಇದ್ದಾನು' ಹತ್ತಿರದ ನೆಂಟನೇ, ಆದರೆ ಅದನ್ನು ಯಾರೂ ಕಡ್ಡಾಯ ಮಾಡಿಲ್ಲ. ಪ್ರತ್ಯಯ ಅದಲುಬದಲು: ಪಾರ್ಲ (ಮಾತಾಡುತ್ತಾನೆ) ಪಾರ್ಲಿ ಆಗುತ್ತದೆ, ಪ್ರೆಂದೆ (ತೆಗೆದುಕೊಳ್ಳುತ್ತಾನೆ) ಪ್ರೆಂದ ಆಗುತ್ತದೆ. ಏಕವಚನದಲ್ಲಿ ನಾನು, ನೀನು, ಅವನು ಮೂವರಿಗೂ ಒಂದೇ ರೂಪ. ಗೊಂದಲವಾದರೆ ಸರ್ವನಾಮ ಸೇರಿಸಬೇಕು. ಎರಡೂ ಕ್ರಿಯೆಗೆ ಕರ್ತೃ ಒಬ್ಬನೇ ಆದರೆ ಕೊಂಜುಂತೀವೊ ಬಿಟ್ಟು 'ದಿ' ಎಂಬ ಪುಟ್ಟ ಪದ ಮತ್ತು ಮೂಲಕ್ರಿಯೆ. 'ಸೆಕೊಂದೊ ಮೆ' (ನನ್ನ ಪ್ರಕಾರ) ಅಭಿಪ್ರಾಯವೇ ಆದರೂ ಅದರ ನಂತರ ಸಾದಾ 'ಎ'.