ಸಹಸಂಬಂಧ: ಮೊದಲು ಚುಕ್ಕಿ, ಆಮೇಲೆ ಸಂಖ್ಯೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ನಾನು ಪ್ಲಸ್ ಟು ಮಕ್ಕಳಿಗೆ ಸೈಕಾಲಜಿ ಕಲಿಸುತ್ತೇನೆ. ಪ್ರಾಜೆಕ್ಟ್ ಅಂದ ಕೂಡಲೇ ಅವರಿಗೆ ಹೊಳೆಯುವುದು ಮೊಬೈಲ್ ಮತ್ತು ನಿದ್ದೆ. ಒಳ್ಳೆಯ ವಿಷಯವೇ. ಪ್ರಯೋಗಕ್ಕೆಂದು ಮಕ್ಕಳ ನಿದ್ದೆ ಕೆಡಿಸುವ ಹಾಗಿಲ್ಲ, ಅಲ್ವಾ? ಇರುವುದನ್ನು ಇದ್ದ ಹಾಗೆ ಅಳೆಯಬೇಕು. ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂದು ನೋಡುವ ಸಹಸಂಬಂಧ (ಕೊರಿಲೇಶನ್) ವಿಧಾನ ಇರುವುದೇ ಅದಕ್ಕೆ.

ಒಬ್ಬೊಬ್ಬರಿಂದ ಎರಡು ಸಂಖ್ಯೆ ಬೇಕು. "ಫೋನ್ ಜಾಸ್ತಿ ನೋಡ್ತೀಯಾ?" ಅಂತ ಕೇಳಿದರೆ ಸಂಖ್ಯೆ ಸಿಗುವುದಿಲ್ಲ. ಫೋನಿನ ಸೆಟ್ಟಿಂಗ್ಸ್ ತೆರೆಸಿ, ನಿನ್ನೆಯ ಸ್ಕ್ರೀನ್ ಟೈಮ್ ಬರೆಸಿಕೊಳ್ಳಿ. ಎಷ್ಟಕ್ಕೆ ಮಲಗಿದ್ದು, ಎಷ್ಟಕ್ಕೆ ಎದ್ದದ್ದು ಕೇಳಿ ನಿದ್ದೆಯ ಲೆಕ್ಕ ತೆಗೆಯಿರಿ. ಒಬ್ಬರ ಎರಡೂ ಸಂಖ್ಯೆ ಒಂದೇ ಸಾಲಿನಲ್ಲಿರಲಿ.

ಈಗ ಗ್ರಾಫ್ ಹಾಳೆ. ಅಡ್ಡಕ್ಕೆ ಸ್ಕ್ರೀನ್ ಟೈಮ್, ಉದ್ದಕ್ಕೆ ನಿದ್ದೆ, ಒಬ್ಬರಿಗೆ ಒಂದು ಚುಕ್ಕಿ. ಮಕ್ಕಳು ಇದನ್ನು ಬಿಟ್ಟು ಸೀದಾ ಎಕ್ಸೆಲ್‌ಗೆ ಓಡುತ್ತಾರೆ. ದಯವಿಟ್ಟು ಬಿಡಬೇಡಿ. ಚುಕ್ಕಿಗಳು ಮೊದಲು ಏರಿ ಆಮೇಲೆ ಇಳಿದರೆ, ಸಂಬಂಧ ಎಷ್ಟು ಗಟ್ಟಿ ಎಂದು ಎಕ್ಸೆಲ್ ಲೆಕ್ಕ ಹಾಕಿ ಕೊಡುವ ಸಂಖ್ಯೆ ಸೊನ್ನೆಯ ಹತ್ತಿರ ಬಂದುಬಿಡಬಹುದು, ಸಂಬಂಧ ಗಟ್ಟಿಯಾಗಿಯೇ ಇದ್ದರೂ. ದೂರದಲ್ಲಿ ಒಂಟಿಯಾಗಿ ನಿಂತ ಒಂದೇ ಚುಕ್ಕಿ ಉತ್ತರವನ್ನೇ ತಿರುಗಿಸಬಲ್ಲದು.

ಚುಕ್ಕಿಗಳು ಹೆಚ್ಚುಕಡಿಮೆ ನೇರ ಸಾಲಿನಲ್ಲಿದ್ದರೆ ಎಕ್ಸೆಲ್‌ನ ಕೊರೆಲ್ ಫಂಕ್ಷನ್ ಸಾಕು. ಕಾರ್ಲ್ ಪಿಯರ್ಸನ್ 1896ರಲ್ಲಿ ಕೊಟ್ಟ ಸೂತ್ರವೇ ಅದರ ಹಿಂದೆ ಇರುವುದು. ಅಳತೆಯ ಬದಲು ಒಂದನೆಯದು, ಎರಡನೆಯದು ಎಂಬ ರ‍್ಯಾಂಕುಗಳಾದರೆ ಸ್ಪಿಯರ್‌ಮನ್ 1904ರಲ್ಲಿ ಕೊಟ್ಟ ವಿಧಾನ. ಉತ್ತರ -1ರಿಂದ +1ರ ಒಳಗೆ ಇರುತ್ತದೆ. ಮೈನಸ್ ಅಂದರೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ, ಅಷ್ಟೇ. ಸಂಬಂಧದಲ್ಲಿ -0.7 ಎಂಬುದು +0.3ಕ್ಕಿಂತ ಗಟ್ಟಿ. -0.4 ಬಂತು ಅಂತಿಟ್ಟುಕೊಳ್ಳಿ. ವರ್ಗ ಮಾಡಿದರೆ 0.16. ಅಂದರೆ ನಿದ್ದೆಯ ಏರಿಳಿತದಲ್ಲಿ ಶೇ. 16ರಷ್ಟು ಮಾತ್ರ ಸ್ಕ್ರೀನ್ ಟೈಮ್ ಜೊತೆ ಹೊಂದುತ್ತದೆ.

"ಫೋನಿನಿಂದಾಗಿ ನಿದ್ದೆ ಕೆಟ್ಟಿತು" ಅಂತ ಬರೆದರೆ ನಾನು ಅಲ್ಲೇ ಕೆಂಪು ಗೆರೆ ಎಳೆಯುತ್ತೇನೆ. ಪರೀಕ್ಷೆಯ ಚಿಂತೆಯಲ್ಲಿ ನಿದ್ದೆ ಬಾರದೆ ಫೋನ್ ಹಿಡಿದಿರಬಹುದಲ್ಲ? ಇನ್ನೊಂದೂ ಇದೆ. ಪೆರ್ಲ, ಮುಳ್ಳೇರಿಯಾದ ಒಳಗಿನಿಂದ ಬರುವವರು ಬೆಳಗ್ಗಿನ ಬಸ್ಸಿಗೆ ಬೇಗ ಏಳಬೇಕು. ನಿದ್ದೆ ಕಡಿಮೆ. ಬಸ್ಸಿನಲ್ಲಿ ಅಷ್ಟು ಹೊತ್ತು ಕೂತು ಫೋನ್ ನೋಡುತ್ತಾರೆ. ಸ್ಕ್ರೀನ್ ಟೈಮ್ ಜಾಸ್ತಿ. ಎರಡಕ್ಕೂ ಕಾರಣ ದಾರಿಯ ದೂರ. ಫೋನ್ ಸುಮ್ನೆ ಬೈಸಿಕೊಳ್ಳುತ್ತದೆ.

ಹಾಗಾಗಿ ಮನೆ ಎಷ್ಟು ದೂರ ಎಂಬುದನ್ನೂ ಕೇಳಿಟ್ಟುಕೊಳ್ಳಿ. ಹತ್ತಿರದವರಿಗೆ ನೀಲಿ ಚುಕ್ಕಿ, ದೂರದವರಿಗೆ ಕೆಂಪು. ನೀಲಿಯೊಳಗೆ ಇಳಿಜಾರು ಉಳಿದಿದೆಯಾ, ಕೆಂಪಿನೊಳಗೆ ಉಳಿದಿದೆಯಾ ನೋಡಿ. ಎರಡರಲ್ಲೂ ಉಳಿಯದಿದ್ದರೆ ವರದಿಯಲ್ಲಿ ಬಸ್ಸಿನ ವಿಷಯವನ್ನೇ ಮೊದಲು ಬರೆಯಿರಿ.