ಮೆಣಸಿನಕಾಯಿಗೆ ಚಿಬ್ಬು ರೋಗ ಬಿದ್ದಾಗ ನಾನು ಮಾಡಿದ್ದು

ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕು. ನಾರಾಯಣಪುರ ಎಡದಂಡೆ ಕಾಲುವೆ ನೀರು ಬರುವ ಎರೆ ಹೊಲ. ಎರಡು ಎಕರೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕುತ್ತೇನೆ, ಬೀಜ ಮನೆಯದೇ. ಆ ಮನೆ ಬೀಜದಿಂದಲೇ ನನಗೆ ಪೆಟ್ಟು ಬಿತ್ತು, ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಆ ವರ್ಷ ಗಿಡ ಚೆನ್ನಾಗಿ ಬಂದಿತ್ತು. ದೀಪಾವಳಿ ಹೊತ್ತಿಗೆ ಮೂರು ದಿನ ಜಿಟಿಜಿಟಿ ಮಳೆ ಹಿಡಿಯಿತು. ಅದಾದ ಮೇಲೆ ಅಲ್ಲೊಂದು ಇಲ್ಲೊಂದು ಟೊಂಗೆ ತುದಿಯಿಂದ ಕೆಳಗೆ ಒಣಗುತ್ತಾ ಬಂತು, ಹೂ ಉದುರಿತು. ನೀರು ಜಾಸ್ತಿ ಆಗಿರಬೇಕು ಅಂದುಕೊಂಡು ಸುಮ್ಮನಾದೆ. ಕಾಯಿ ಹಸಿರಾಗಿತ್ತು, ಒಂದು ಕಲೆ ಇರಲಿಲ್ಲ. ಕೆಂಪಾಗುವಾಗ ಶುರುವಾಯಿತು ನೋಡಿ. ಕಾಯಿ ಬಿಡಿಸಲು ಬಂದ ಹಿರಿಯ ಹೆಣ್ಣುಮಗಳೊಬ್ಬರು ಒಂದು ಹಣ್ಣುಗಾಯಿ ತಂದು, "ತಮ್ಮಾ, ಇದು ನೋಡು, ಇಡೀ ಸಾಲು ಹಿಂಗೇ ಅದ" ಎಂದರು. ಕಾಯಿ ಮೈ ಮೇಲೆ ದುಂಡನೆಯ ತಗ್ಗು, ಅದರೊಳಗೆ ಬಳೆ ಇಟ್ಟಂತೆ ಒಂದರೊಳಗೊಂದು ಸುತ್ತು, ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು.

ಓಡಿ ಹೋಗಿ ಅಂಗಡಿಯಿಂದ ಮೂರು ಬಾಟಲಿ ಎಣ್ಣೆ (ಬೆಳೆಗೆ ಹೊಡೆಯುವ ಔಷಧಕ್ಕೆ ನಾವು ಹಾಗನ್ನುತ್ತೇವೆ) ತಂದು ಒಟ್ಟಿಗೆ ಕಲಸಿ ಹೊಡೆದೆ. ಅದರಲ್ಲಿ ಎರಡು ಹುಳದ ಎಣ್ಣೆ ಅಂತ ಆಮೇಲೆ ಗೊತ್ತಾಯಿತು. ಕಲೆ ಒಂದೂ ಹೋಗಲಿಲ್ಲ. ಕಣದಲ್ಲಿ ಒಣಗಿಸಿದಾಗ ರೋಗದ ಕಾಯಿ ಬಿಳಿಚಿಕೊಂಡವು. ನಾನು, ಅವ್ವ ಇಬ್ಬರೂ ವಾರಗಟ್ಟಲೆ ಕೂತು ಆರಿಸಿದೆವು. ಬ್ಯಾಡಗಿ ಮಾರುಕಟ್ಟೆಯಲ್ಲಿ ಕೊಳ್ಳುವವರು ಬಣ್ಣ ನೋಡಿಯೇ ದರ ಹೇಳುತ್ತಾರೆ. ಬಿಳಿಗಾಯಿ ಚೀಲಕ್ಕೆ ಏನು ಸಿಗುತ್ತೆ, ನೀವೇ ಹೇಳಿ.

ಆಮೇಲೆ ರೋಗದ ಕಾಯಿ, ಒಣಗಿದ ಟೊಂಗೆ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಟೊಂಗೆ ಒಣಗಿದ್ದೂ ಕಾಯಿ ಕೊಳೆತಿದ್ದೂ ಒಂದೇ ಶಿಲೀಂಧ್ರದಿಂದ ಅಂತ ಅಲ್ಲಿ ತಿಳಿಯಿತು. ಇದೇ ಚಿಬ್ಬು ರೋಗ, ಶಿಲೀಂಧ್ರದ ಹೆಸರು ಕೊಲೆಟೋಟ್ರೈಕಮ್. ಇದು ಬೀಜದಲ್ಲೂ ಉಳಿಯುತ್ತದೆ, ಹೊಲದಲ್ಲಿ ಬಿದ್ದ ಹಳೆ ಕಾಯಿ ಕಡ್ಡಿಯಲ್ಲೂ ಉಳಿಯುತ್ತದೆ. ಮಳೆ ಹನಿ ಸಿಡಿದಾಗ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಹಸಿರು ಕಾಯಿಗೆ ಹತ್ತಿದರೂ ಒಳಗೇ ಸುಮ್ನೆ ಕೂತಿದ್ದು, ಕಾಯಿ ಹಣ್ಣಾಗುವಾಗ ಮೇಲೇಳುತ್ತದೆ. ಅಂದರೆ ನಾನು ಎಣ್ಣೆ ಹೊಡೆಯುವ ಎಷ್ಟೋ ದಿನ ಮುಂಚೆಯೇ ರೋಗ ಒಳಗೆ ಹೋಗಿ ಆಗಿತ್ತು. ಈ ಮಾತು ಕೇಳಿ ನನಗೆ ಹೊಟ್ಟೆ ಉರಿಯಿತು, ಯಾಕೆಂದರೆ ಅದರ ಹಿಂದಿನ ವರ್ಷ ಬೀಜಕ್ಕೆಂದು ಕಣದ ರಾಶಿಯಿಂದಲೇ ಕೈಗೆ ಸಿಕ್ಕ ಕಾಯಿ ತೆಗೆದಿಟ್ಟವನು ನಾನೇ.

ಈಗ ಬೀಜದ ಕಾಯಿಯನ್ನು ರಾಶಿಯಿಂದ ತೆಗೆಯುವುದೇ ಇಲ್ಲ. ಹೊಲದಲ್ಲಿ ನಿಂತು, ಟೊಂಗೆ ಒಣಗದ ಗಿಡ ನೋಡಿ, ಅದರ ಕಲೆ ಇಲ್ಲದ ಕಾಯಿಯನ್ನಷ್ಟೇ ಬಿಡಿಸಿ ಬೇರೆ ಒಣಗಿಸುತ್ತೇನೆ. ಬಿತ್ತುವ ಮುಂಚೆ ಕಿಲೋ ಬೀಜಕ್ಕೆ 3 ಗ್ರಾಂ ಲೆಕ್ಕದಲ್ಲಿ ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕ ಹಚ್ಚುತ್ತೇನೆ. ರೋಗದ ಶಿಲೀಂಧ್ರವನ್ನು ಅಡಗಿಸುವ ಟ್ರೈಕೋಡರ್ಮವನ್ನು ಅದರ ಜೊತೆ ಕಲಸಬೇಡಿ, ಅದೂ ಶಿಲೀಂಧ್ರವೇ, ಔಷಧಕ್ಕೆ ಸಾಯುತ್ತದೆ. ಅದನ್ನು ತಿಪ್ಪೆ ಗೊಬ್ಬರದಲ್ಲಿ ಕಲಸಿ, ನೆರಳಲ್ಲಿ ಹಸಿ ಆರದಂತೆ ಹತ್ತು ಹದಿನೈದು ದಿನ ಇಟ್ಟು ಹೊಲಕ್ಕೆ ಹಾಕುತ್ತೇನೆ.

ಹಳೆ ಗಿಡ ಕಿತ್ತು ಬದುವಿಗೆ ಒಟ್ಟುವ ರೂಢಿ ಬಿಟ್ಟೆ. ಮೆಣಸಿನಕಾಯಿ ಬೆಳೆದ ಹೊಲಕ್ಕೆ ಮುಂದಿನ ಎರಡು ವರ್ಷ ಜೋಳ ಅಥವಾ ತೊಗರಿ. ಟೊಮ್ಯಾಟೊ, ಬದನೆ ಹಾಕುವುದಿಲ್ಲ, ಅವಕ್ಕೂ ಈ ರೋಗ ಹತ್ತುತ್ತದೆ. ಸಾಲಿನ ನಡುವೆ ಗಾಳಿ ಆಡುವಷ್ಟು ಜಾಗ ಬಿಡುತ್ತೇನೆ. ಗಿಡ ಕಮ್ಮಿ ಆಗುತ್ತೆ ಅಂತ ಅಣ್ಣ ಮೊದಮೊದಲು ಜಗಳ ಮಾಡಿದ. ಈಗ ಅವನೂ ಹಾಗೇ ನಾಟಿ ಮಾಡುತ್ತಾನೆ.

ಎಣ್ಣೆ ಹೊಡೆಯುವುದು ಈಗಲೂ ತಪ್ಪಿಲ್ಲ, ಆದರೆ ಹೊತ್ತು ಬದಲಾಗಿದೆ. ಹೂ ಬಿಟ್ಟು ಕಾಯಿ ಕಟ್ಟುವಾಗ, ಮೋಡ ಮುಸುಕಿ ಮಳೆಯ ಲಕ್ಷಣ ಕಂಡರೆ ಲೀಟರ್ ನೀರಿಗೆ 2.5 ಗ್ರಾಂ ಮ್ಯಾಂಕೋಜೆಬ್. ಇದು ಮೇಲೆ ಕಾಯುತ್ತೆ ಅಷ್ಟೇ, ಒಳಗೆ ಇಳಿಯುವುದಿಲ್ಲ, ಅದಕ್ಕೇ ಮುಂಚೆಯೇ ಹೊಡೆಯಬೇಕು. ಟೊಂಗೆ ತುದಿ ಒಣಗಿದ್ದು ಕಂಡ ದಿನವೇ ಕತ್ತರಿಸಿ ತೆಗೆದು, ಲೀಟರಿಗೆ ಅರ್ಧ ಎಂ.ಎಲ್. ಡೈಫೆನೋಕೊನಜೋಲ್ ಹೊಡೆಯುತ್ತೇನೆ. ಇನ್ನೊಂದು ಸಲ ಬೇಕಾದರೆ ಅಜೋಕ್ಸಿಸ್ಟ್ರೋಬಿನ್, ಲೀಟರಿಗೆ 1 ಎಂ.ಎಲ್. ಒಂದನ್ನೇ ಮೇಲಿಂದ ಮೇಲೆ ಹೊಡೆದರೆ ರೋಗ ಅದಕ್ಕೆ ಒಗ್ಗಿಕೊಳ್ಳುತ್ತದೆ. ಡಬ್ಬಿ ಮೇಲೆ ಬರೆದಷ್ಟು ದಿನ ಕಳೆಯದೆ ಕಾಯಿ ಬಿಡಿಸಬೇಡಿ, ಅದು ನಾವೂ ತಿನ್ನುವ ಕಾಯಿ ಅಲ್ವಾ.

ಚಳಿ ಶುರುವಾದ ಮೇಲೆ ಎಲೆ ಉದುರಿದರೆ ಚಿಬ್ಬು ಅಂತ ಗಾಬರಿ ಬೇಡ. ಎಲೆ ಮಗುಚಿ ನೋಡಿ. ಕೆಳಗೆ ಬಿಳಿ ಪುಡಿ ಇದ್ದರೆ ಅದು ಬೂದಿ ರೋಗ, ಅದಕ್ಕೆ ನೀರಲ್ಲಿ ಕರಗುವ ಗಂಧಕ ಸಾಕಾಗುತ್ತೆ, ಲೀಟರಿಗೆ 3 ಗ್ರಾಂ.

ಕೇಂದ್ರದವರಿಂದ ಕಲಿತ ಇನ್ನೊಂದು ಕೆಲಸ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಹೊಲದ ನಾಲ್ಕು ಮೂಲೆಯಿಂದ ಬಲಿತ ಹಸಿರು ಕಾಯಿ ತಂದು, ಒದ್ದೆ ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯಲ್ಲೇ ಇಡುತ್ತೇನೆ. ನಾಲ್ಕೈದು ದಿನಕ್ಕೆ ಬಿಚ್ಚಿದರೆ ಒಳಗೆ ಅಡಗಿದ ರೋಗ ಕಲೆಯಾಗಿ ಕಾಣುತ್ತದೆ. ಹೋದ ವರ್ಷ ಇಪ್ಪತ್ತು ಕಾಯಲ್ಲಿ ಎರಡಕ್ಕೆ ಕಲೆ ಬಂತು, ಎರಡೂ ಕಾಲುವೆ ಕಡೆಯ ತಗ್ಗಿನವು. ಅಲ್ಲಿ ನೀರು ನಿಲ್ಲುತ್ತಿತ್ತು. ಬಸಿಗಾಲುವೆ ತೆಗೆದೆ, ಆ ಆರು ಸಾಲಿಗೆ ಮಾತ್ರ ಎಣ್ಣೆ ಹೊಡೆದೆ. ಕಾಯಿಯನ್ನು ನೆಲಕ್ಕೆ ಹರವದೆ ತಾಡಪತ್ರಿ ಮೇಲೆ ಒಣಗಿಸಿದೆ, ರಾತ್ರಿ ಇಬ್ಬನಿಗೆ ಮುಚ್ಚಿದೆ. ಆ ಸಲ ಅವ್ವ ಆರಿಸಲು ಕೂತದ್ದು ಒಂದೇ ದಿನ.